ಮುಂದಿನ ಹೆಗಲು

ಚರ್ಚಿನ ಪಕ್ಕದ ಕೋಣೆಯಲ್ಲಿ ಕಪ್ಪು ಟೈ ಬಿಗಿಯುತ್ತಲೇ ಒಟ್ಟೊರೀನೊ ಸಿವಿಯೆರೊ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಮೂರನೆಯ ಸಲ ಓದಿದ. ಶವಪೆಟ್ಟಿಗೆ ಹೊರುವ ಆರು ಜನರ ಹೆಸರು, ಇಬ್ಬಿಬ್ಬರಂತೆ ಮೂರು ಸಾಲು. ಬರೆದವನು ಆ ಪೆಟ್ಟಿಗೆಯೊಳಗೇ ಮಲಗಿದ್ದ. ಊರ ಫುಟ್ಬಾಲ್ ತಂಡಕ್ಕೆ ಇಪ್ಪತ್ತೆರಡು ವರ್ಷ ಕೋಚ್ ಆಗಿ ಭಾನುವಾರಕ್ಕೊಂದು ಪಟ್ಟಿ ಬರೆದ ಈವಾನೊ ಕ್ರೆಪಾಲ್ದಿ, ಕಳೆದ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಇದನ್ನೂ ಬರೆದಿಟ್ಟು ಕಣ್ಣುಮುಚ್ಚಿದ್ದ. ಸಿವಿಯೆರೊನ ಹೆಸರು ಕೊನೆಯ ಸಾಲಿನಲ್ಲಿತ್ತು.

"ಸಾಯೋವಾಗ್ಲೂ ನನ್ನ ಹಿಂದಕ್ಕೇ ತಳ್ಳಿದಾನೆ ನೋಡು," ಎಂದ ಸಿವಿಯೆರೊ.

"ಈ ಸಲ ಬೆಂಚಿನ ಮೇಲೆ ಕೂರಿಸಿಲ್ವಲ್ಲ, ಅಷ್ಟಕ್ಕೇ ಖುಷಿಪಡು," ಎಂದ ಮಾಂತೊವಾನ್. ಅವನು ಆ ಕಾಲದ ಗೋಲ್‌ಕೀಪರ್. ಅವನ ಹೆಸರು ಮೊದಲ ಸಾಲಿನ ಎಡಕ್ಕಿತ್ತು.

"ನಿನ್ನ ಜಾಗ ನನಗೆ ಕೊಡು."

"ಕೋಚ್ ಬರೆದಿದ್ದನ್ನ ತಿದ್ದೋಕೆ ನಾನ್ಯಾರಯ್ಯ? ನಿನಗೂ ಎಪ್ಪತ್ತೈದಾಯ್ತು. ಇನ್ನೂ ಹೊಟ್ಟೆ ಉರ್ಕೋತೀಯಲ್ಲ."

ಉರಿಯುತ್ತಿದ್ದದ್ದು ನಿಜ. ಐವತ್ತು ವರ್ಷದಿಂದ ಆರದ ಉರಿ ಅದು.

*

ಆ ಮೇ ತಿಂಗಳ ಪಂದ್ಯಕ್ಕೆ ದೊಡ್ಡ ಕ್ಲಬ್ಬಿನಿಂದ ಒಬ್ಬ ಬಂದು ಕೂತಿದ್ದ. ಬಂದದ್ದು ಸಿವಿಯೆರೊನನ್ನು ನೋಡಲು. ಊರಿಗೆಲ್ಲ ಅದು ಗೊತ್ತಿತ್ತು. ಸಿವಿಯೆರೊ ಇಬ್ಬರನ್ನು ದಾಟಿದ, ಗೋಲ್‌ಕೀಪರನನ್ನೂ ದಾಟಿದ. ಮುಂದೆ ಬರಿದಾದ ಗೋಲು. ಆಗ ಅದೇ ತಂಡದಲ್ಲಿ ಆಡುತ್ತಿದ್ದ ಕ್ರೆಪಾಲ್ದಿ ಪಕ್ಕದಲ್ಲಿ "ಒಟ್ಟೊ" ಎಂದು ಕೂಗಿದ. ಯಾಕೆ ಕೊಟ್ಟೆನೋ ಇವತ್ತಿಗೂ ಸಿವಿಯೆರೊನಿಗೆ ತಿಳಿಯದು, ಚೆಂಡನ್ನು ಅವನತ್ತ ಉರುಳಿಸಿಬಿಟ್ಟ. ಕ್ರೆಪಾಲ್ದಿ ಕಾಲು ತಾಗಿಸಿದ, ಅಷ್ಟೇ. ಇಡೀ ಮೈದಾನ ಅವನ ಹೆಸರು ಹಿಡಿದು ಕೂಗಿತು.

ಜುಲೈಯಲ್ಲಿ ಕ್ರೆಪಾಲ್ದಿ ದೊಡ್ಡ ಲೀಗಿಗೆ ಹೋದ. ಸಿವಿಯೆರೊ ವಾರವಿಡೀ ಬೀಟ್‌ಗೆಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆಯಲ್ಲಿ ಗೆಡ್ಡೆ ತೊಳೆದು, ಭಾನುವಾರ ಊರ ತಂಡಕ್ಕೆ ಆಡಿದ. ಬಾರಿನ ಟೀವಿಯಲ್ಲಿ ಗೆಳೆಯನ ಗೋಲುಗಳನ್ನು ನೋಡುತ್ತ ಎಲ್ಲರ ಜೊತೆ ಗ್ಲಾಸು ಎತ್ತಿದ. ಮನಸ್ಸಿನಲ್ಲಿ ಮಾತ್ರ ಅವನ ಕಾಲು ಮುರಿಯಲಿ ಎಂದು ಹಾರೈಸುತ್ತಿದ್ದ.

ಮುರಿಯಲಿಲ್ಲ. ಒಂಬತ್ತು ವರ್ಷದ ಮೇಲೆ ಅವನು ನೆಟ್ಟಗೆ ನಡೆದುಕೊಂಡೇ ಊರಿಗೆ ಬಂದು ಕೋಚ್ ಆದ. ಮೊದಲ ಭಾನುವಾರವೇ, "ಒಟ್ಟೊ, ಮಂಡಿ ಊದಿದೆ ಕಣೋ, ಇವತ್ತು ಕೂತ್ಕೋ," ಎಂದ. ಸಿವಿಯೆರೊ ಕೂತ. ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಮಂಡಿ ಬರೀ ನೆಪ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

*

ಕೋಣೆಯ ಬಾಗಿಲಲ್ಲಿ ಕ್ರೆಪಾಲ್ದಿಯ ಹೆಂಡತಿ ಫಿಯೊರೆಂಜಾ ನಿಂತಿದ್ದಳು. ಮಾತೆಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ಮೆಟ್ಟಿಲು ಇಳಿಯೋವಾಗ ಭಾರವೆಲ್ಲ ಮುಂದಿನವರ ಮೇಲೆ ಬೀಳುತ್ತೆ, ಒಟ್ಟೊನ ಮಂಡಿ ತಡೆಯಲ್ಲ ಅಂದ್ರು ನಮ್ಮವರು," ಎಂದಳು. "ನಿಮ್ಮ ಹೆಸರು ಎಲ್ಲಿಡೋದು ಅಂತ ಮೂರು ಸಲ ಬರೆದು ಹರಿದು ಹಾಕಿದ್ರು."

ಸಿವಿಯೆರೊನಿಗೆ ಇನ್ನಷ್ಟು ಸಿಟ್ಟು ಬಂತು. ಅವನು ಕೆಟ್ಟವನಾಗಿಯಾದರೂ ಸತ್ತಿದ್ದರೆ ಎಷ್ಟೋ ಸುಖವಿರುತ್ತಿತ್ತು. ಈಗ ಒಳ್ಳೆಯತನದಲ್ಲೂ ಅವನೇ ಮುಂದೆ.

"ನನ್ನ ಮಂಡಿ ಚಿಂತೆ ಅವನಿಗೆ ಬೇಡ. ನಾನು ಮುಂದೇನೇ ಹೊರ್ತೀನಿ."

ಫಿಯೊರೆಂಜಾ ಬಾಗಿಲಿಂದ ಸರಿದು ದಾರಿ ಬಿಟ್ಟಳು. "ಹೊತ್ಕೊಳ್ಳಿ. ಬಯ್ಯೋಕೆ ಅವರೇನು ಎದ್ದು ಬರಲ್ಲ."

ಮಾಂತೊವಾನ್ ಏನೋ ಗೊಣಗಿಕೊಂಡು ಹಿಂದಿನ ಸಾಲಿಗೆ ಹೋದ.

ಪೂಜೆ ಮುಗಿಯಿತು. ಪೆಟ್ಟಿಗೆಯ ಮುಂದಿನ ಎಡ ಮೂಲೆ ಸಿವಿಯೆರೊನ ಬಲಹೆಗಲಿಗೆ ಬಂತು. ದೊಡ್ಡ ಬಾಗಿಲು ತೆರೆಯಿತು. ಹೊರಗೆ ಚೌಕದ ತುಂಬ ಜನ, ಕೊರಳಲ್ಲಿ ತಂಡದ ಶಾಲು. ಪೆಟ್ಟಿಗೆ ಹೊಸ್ತಿಲು ದಾಟಿದಾಗ ಆ ಕಡೆಯ ರೂಢಿಯಂತೆ ಎಲ್ಲರೂ ಚಪ್ಪಾಳೆ ತಟ್ಟತೊಡಗಿದರು.

ಇಡೀ ಊರಿನ ಚಪ್ಪಾಳೆ ತನ್ನ ಮುಖಕ್ಕೆ ನೇರವಾಗಿ ಬಂದದ್ದು ಸಿವಿಯೆರೊನಿಗೆ ಇದೇ ಮೊದಲು. ಅದು ಯಾರಿಗೆಂದು ಅವನಿಗೆ ಗೊತ್ತಿತ್ತು. ಮೂರನೆಯ ಮೆಟ್ಟಿಲವರೆಗೂ ಗೊತ್ತಿತ್ತು. ನಾಲ್ಕನೆಯದರಲ್ಲಿ ಮಂಡಿ ಕುಸಿಯಿತು. ಹಲ್ಲು ಕಚ್ಚಿ ನಿಂತುಕೊಂಡ. ನೋಡಿದ ಜನ ಇನ್ನೂ ಜೋರಾಗಿ ತಟ್ಟಿದರು. ಯಾರೋ "ಶಭಾಷ್" ಎಂದರು.

ಸಿವಿಯೆರೊನ ಎಡಗೈ ಮೇಲೆದ್ದಿತು.

"ಕೈ ಇಳಿಸೋ ಮಾರಾಯ, ಪೆಟ್ಟಿಗೆ ವಾಲ್ತಿದೆ," ಎಂದು ಹಿಂದಿನಿಂದ ಮಾಂತೊವಾನ್ ಪಿಸುಗುಟ್ಟಿದ.

ಸಿವಿಯೆರೊ ಇಳಿಸಲಿಲ್ಲ. ಗಲ್ಲ ಎತ್ತಿ, ಜನದತ್ತ ನಿಧಾನವಾಗಿ ಕೈ ಬೀಸುತ್ತ, ಐದನೆಯ ಮೆಟ್ಟಿಲಿಗೆ ಕಾಲಿಟ್ಟ.