ದೇರಪ್ಪನ ಇನ್ಶೂರೆನ್ಸ್ ಕಾಗದ

ಇನ್ಶೂರೆನ್ಸ್ ಇಲ್ಲದ ಬಸ್ಸು ರಸ್ತೆಗಿಳಿಯುವಂತಿಲ್ಲ ಎಂಬ ಕಾನೂನು ೧೯೪೬ರಲ್ಲಿ ಕೊಡಗಿಗೂ ಬಂತು. ಉಳಿದ ಡ್ರೈವರುಗಳಿಗೆ ಅದು ಮಾಲೀಕರ ತಲೆನೋವು. ದೇರಪ್ಪನಿಗೆ ಮಾತ್ರ ಕುತ್ತಿಗೆಗೇ ಬಂದಿತ್ತು. ಹಿಂದಿನ ಮಳೆಗಾಲದಲ್ಲಿ ಇನ್ನೊಂದು ಬಸ್ಸನ್ನು ಹಿಂದೆ ಹಾಕುವ ಹುಚ್ಚಿಗೆ ಬಿದ್ದು, ತಿತಿಮತಿಯ ತಿರುವಿನಲ್ಲಿ ಸೌದೆ ಹೊತ್ತು ಹೋಗುತ್ತಿದ್ದ ಎಸ್ಟೇಟ್ ಕೂಲಿ ಮುದ್ದಿಗೆ ಗುದ್ದಿ, ಅವಳ ಬಲಗೈ ಮುರಿದಿದ್ದ. ತಪ್ಪು ಪೂರ್ತಿ ಅವನದೇ. ಲೈಸೆನ್ಸ್ ಹೋಗಿ ಎಂಟು ತಿಂಗಳಾಗಿತ್ತು. ಈಗ ಮಡಿಕೇರಿಯ ಲೈಸೆನ್ಸ್ ಆಫೀಸಿನವರು ಅದನ್ನು ಮರಳಿ ಕೊಡಲು ಒಪ್ಪಿದ್ದರು, ಆದರೆ ಷರತ್ತಿನ ಮೇಲೆ. ಅವನ ಹೆಸರು ಬರೆದ ಇನ್ಶೂರೆನ್ಸ್ ಕಾಗದ ಮೂರು ಮೂರು ತಿಂಗಳಿಗೆ ಆಫೀಸಿಗೆ ತಲುಪಬೇಕು. ಒಮ್ಮೆ ತಪ್ಪಿದರೂ ಡ್ರೈವರ್ ಕೆಲಸಕ್ಕೆ ಎಳ್ಳುನೀರು.

ಆ ಕಾಗದ ಕೊಡಬೇಕಾದ ಏಜೆಂಟ್ ಮಾಯಿಲಪ್ಪ ಗೋಣಿಕೊಪ್ಪಲಿನಲ್ಲಿದ್ದ. "ಪೆಟ್ಟು ತಿಂದವಳೇ ಬಂದು ನಿನ್ನ ಪರ ಹೇಳ್ಬೇಕು ಮಾರಾಯ. ಇಲ್ಲದಿದ್ರೆ ಕಂಪನಿ ನಿನ್ನ ಹೆಸರು ಬರೆಯೋದಿಲ್ಲ," ಎಂದ.

ಅಪಘಾತದ ಮೇಲೆ ದೇರಪ್ಪ ಅವಳಿಗೆ ಮುಖ ತೋರಿಸಿರಲಿಲ್ಲ. ಈ ಎಂಟು ತಿಂಗಳು ವಾರಕ್ಕೊಂದು ಹೊರೆ ಸೌದೆ ಕಡಿದು ಎಸ್ಟೇಟಿನ ಕೂಲಿಮನೆಗಳ ಲೈನಿಗೆ ಹೊತ್ತು, ಮುದ್ದಿಯ ಬಾಗಿಲಲ್ಲಿಟ್ಟು, ಅವಳು ಹೊರಗೆ ಬರುವ ಮೊದಲೇ ಕಾಲು ಕೀಳುತ್ತಿದ್ದ. ಹೆಂಡತಿ ಗಂಗಮ್ಮನಿಗೆ ಇದೆಲ್ಲ ಗೊತ್ತಿತ್ತು.

"ಸೌದೆ ಇಟ್ಟು ಓಡಿ ಬಾಕೆ ಧೈರ್ಯ ಉಟ್ಟು, ಮುಖ ನೋಡಿಕೆ ಇಲ್ಲೆನಾ?" ಎಂದು, ಅವಳ ಮುಖ ನೋಡಲು ಧೈರ್ಯವಿಲ್ಲದ್ದಕ್ಕೆ ತನ್ನ ಅರೆಭಾಷೆಯಲ್ಲಿ ಕುಟುಕಿದಳು.

ಮರುದಿನ ದೇರಪ್ಪ ಮುದ್ದಿಯ ಬಳಿ ಹೋಗಿ ಏಜೆಂಟ್ ಹೇಳಿದ್ದನ್ನು ತಿಳಿಸಿದ. ಮುದ್ದಿ ಕೇಳಿಸಿಕೊಂಡಳು. ಸೆರಗು ಬಿಗಿದುಕೊಂಡು ಅವನ ಮುಂದೆ ಮುಂದೆ ಗೋಣಿಕೊಪ್ಪಲಿಗೆ ನಡೆದಳು.

"ಇವನು ಓಡಿಸುವ ಬಸ್ಸಿಗೆ ನೀನು ಹತ್ತುತ್ತೀಯಾ?" ಮಾಯಿಲಪ್ಪ ಕೇಳಿದ.

"ಇಲ್ಲ," ಎಂದಳು ಮುದ್ದಿ.

ಮಾಯಿಲಪ್ಪ ಪೆನ್ನು ಕೆಳಗಿಟ್ಟ. ದೇರಪ್ಪ ನೆಲ ನೋಡಿದ. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಅವನಿಗೆ ಹಕ್ಕೂ ಇರಲಿಲ್ಲ.

"ನಂಗೆ ಬಸ್ಸು ಕಂಡ್ರೆ ಈಗ್ಲೂ ನಡುಕ," ಮುದ್ದಿ ಮುಂದುವರಿಸಿದಳು. "ಆದ್ರೆ ಅವ್ನಿಗೂ ಈಗ ಹೆದ್ರಿಕೆ ಉಂಟು. ನನ್ನ ಬಾಗಿಲಲ್ಲಿ ಸೌದೆ ಇಟ್ಟು, ಮುಖ ತೋರಿಸ್ಲಿಕ್ಕೇ ಹೆದ್ರಿ ಓಡ್ತಾನೆ. ಹೆದ್ರಿಕೆ ಇಲ್ಲದವ್ರು ಓಡಿಸೋ ಬಸ್ಸುಗಳೂ ಇದಾವಲ್ಲ, ಅದ್ರಲ್ಲಿ ನನ್ ಮಗಳ್ನ ಕಳ್ಸೋದಿಲ್ಲ. ಇವ್ನ ಬಸ್ಸಲ್ಲಿ ಕಳಿಸ್ತೀನಿ. ಬೇಕಾದ್ರೆ ಅದನ್ನೇ ಬರ್ಕೊಳ್ಳಿ."

ಮಾಯಿಲಪ್ಪ ಅದನ್ನೇ ಬರೆದುಕೊಂಡ. ಹದಿನೈದು ದಿನದಲ್ಲಿ ಕಾಗದ ಬಂತು, ಮಡಿಕೇರಿಗೆ ಹೋಯಿತು, ಲೈಸೆನ್ಸ್ ಮರಳಿತು.

ಮೊದಲ ದಿನವೇ ಮುದ್ದಿ ತಿತಿಮತಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದಳು. ಹೇಳಿದ ಮಾತಿನಂತೆ ಮಗಳು ಮಾದಿಯನ್ನು ಹತ್ತಿಸಿ ತಾನು ರಸ್ತೆಯಲ್ಲೇ ಉಳಿದಳು. ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಆ ಬಸ್ಸು ಮೊದಲೇ ಸೋಮಾರಿ. ದೇರಪ್ಪನ ಕೈಯಲ್ಲಿ ಅಂದು ತೆವಳಿತು. ಪ್ರತಿ ತಿರುವಿನಲ್ಲೂ ನಿಲ್ಲಿಸಿ ಹಾರ್ನ್ ಒತ್ತಿದ, ಎದುರಿಗೆ ಬಂದ ಗಾಡಿಗೆಲ್ಲ ದಾರಿ ಬಿಟ್ಟ.

"ದೇರಪ್ಪಣ್ಣ, ಇಳಿದು ತಳ್ಳಬೇಕಾ?" ಹಿಂದಿನ ಸೀಟಿನಿಂದ ಪ್ರಯಾಣಿಕ ಕರಿಯ ಕೇಳಿದ. ಎಲ್ಲರೂ ನಕ್ಕರು. ದೇರಪ್ಪ ಮಾತ್ರ ಮುಂದಿನ ತಿರುವಿಗೆ ಮತ್ತೆ ಹಾರ್ನ್ ಒತ್ತಿದ.

ಮೂರನೆಯ ತಿರುವಿನಲ್ಲಿ ನಿಂತಾಗ ಬಾಗಿಲನ್ನು ಯಾರೋ ಬಡಿದರು. ನೋಡಿದರೆ ಮುದ್ದಿ, ಬಸ್ಸಿನ ಹಿಂದೆಯೇ ನಡೆದು ಬಂದು ಏದುಸಿರು ಬಿಡುತ್ತಿದ್ದಳು.

"ಇಷ್ಟು ಮೆಲ್ಲಗೆ ಹೋಗೋದಾದ್ರೆ ನಾನ್ಯಾಕೆ ನಡೀಬೇಕು?" ಎಂದಳು.

ನೆಟ್ಟಗೆ ಕೂಡಿಕೊಳ್ಳದ ಆ ಬಲಗೈಯಲ್ಲೇ ಕಂಬಿ ಹಿಡಿದು ಹತ್ತಿದಳು. ಅವಳು ಕೂತಳೆಂದು ಎರಡು ಸಲ ತಿರುಗಿ ನೋಡಿದ ಮೇಲೆಯೇ ದೇರಪ್ಪ ಗೇರು ಹಾಕಿದ.