ಬೆಳ್ಳಿಯ ಬೆನ್ನಿನ ಮೇಲೆ ಹನ್ನೊಂದು ಗೆರೆ

ನನ್ನ ಗಂಡ ಸಣ್ಣಪ್ಪ ಕುರಿ ಕಳೆದುಕೊಂಡವನು. ಇದನ್ನು ನಾನು ಮೂವತ್ತಮೂರು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಬೀಗದಕೈ ಸಿಗದಿದ್ದರೂ ಹೇಳಿದ್ದೇನೆ, ಕರೆಂಟ್ ಬಿಲ್ಲು ಸಿಗದಿದ್ದರೂ ಹೇಳಿದ್ದೇನೆ. ಸುಳ್ಳೇನೂ ಅಲ್ಲ. ನಮ್ಮಿಬ್ಬರ ವೀಳ್ಯಶಾಸ್ತ್ರ ಮುಗಿದ ಮೇಲೆ, ಮದುವೆಗೆ ಮೊದಲು, ಹೊಳಲ್ಕೆರೆ ಕಡೆಯ ನನ್ನ ತವರಿಗೆ ಈತ ಏಳು ಸಲ ಬಂದು, "ನಮ್ದೊಂದು ಕುರಿ ತಪ್ಪಿಸ್ಕಂಡೈತೆ ಮಾವ, ನಿಮ್ ಮಂದೇಲೇನಾರ ಸೇರ್ಕಂಡೈತಾ" ಎಂದು ನನ್ನ ಅಪ್ಪನನ್ನು ಕೇಳಿದ್ದ. ಬೆಳಗಿನ ಬಸ್ಸಿಗೆ ಬರುತ್ತಿದ್ದ, ಮಂದೆ ನೋಡುತ್ತಿದ್ದ, ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ವಾಪಸು ಹೋಗುತ್ತಿದ್ದ. ನಾನು ಬಾಗಿಲ ಸಂದಿಯಿಂದ ನೋಡಿ, ಕುರಿಯನ್ನೇ ಕಾಯಲಾರದವನು ನನ್ನನ್ನೇನು ಕಾಯುತ್ತಾನೆ ಎಂದು ಅವ್ವನ ಹತ್ತಿರ ಅತ್ತಿದ್ದೆ. ಆ ಸಿಟ್ಟಿಗೆ ಮಜ್ಜಿಗೆಗೆ ಒಂದು ಹಿಡಿ ಉಪ್ಪು ಹಾಕಿ ಅವ್ವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಪುಣ್ಯಾತ್ಮ ಅದನ್ನೂ ಕುಡಿದು ಸುಮ್ಮನೆ ಹೋಗುತ್ತಿದ್ದ.

ಈಗ ಹೇಳಬೇಕಾದದ್ದು ನನ್ನ ಮಗ ಹನುಮೇಶನ ಮದುವೆಯ ವಿಷಯ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ನಮ್ಮದು ನೂರೆಂಬತ್ತು ಕುರಿಯ ಮಂದೆ. ಹುಡುಗನಿಗೆ ಮೂವತ್ತೊಂದು. ನೋಡಿದ ಎಂಟು ಹೆಣ್ಣುಗಳ ಕಡೆಯವರೂ ಕಾಫಿ ಕೊಟ್ಟು, ಬಾಳೆಹಣ್ಣು ಕೊಟ್ಟು, "ಕುರಿ ಹಿಂದೆ ತಿರುಗೋನಿಗೆ ಹುಡುಗಿ ಒಪ್ತಿಲ್ಲ" ಎಂದು ಕಳಿಸಿದ್ದರು. ಕುರಿಯ ಬಾಡು ಮಾತ್ರ ಎಲ್ಲರಿಗೂ ಬೇಕು, ಕುರಿಯವನು ಬೇಡ. ಎಂಟನೆಯ ಮನೆಯಿಂದ ಬಂದ ದಿನ ಹನುಮೇಶ ಊಟಕ್ಕೆ ಕೂತು ಅರ್ಧಕ್ಕೆ ಎದ್ದ.

ಒಂಬತ್ತನೆಯದು ಹೊಸದುರ್ಗ ತಾಲ್ಲೂಕಿನ ಬಾಗೂರಿನ ಓಬಳೇಶಪ್ಪನ ಮಗಳು ಅಂಜಲಿ. ಓಬಳೇಶಪ್ಪನೂ ಕುರಿಯವನೇ. ಹುಡುಗಿ ಡಿಗ್ರಿ ಮುಗಿಸಿ ಪಶುಸಖಿಯಾಗಿದ್ದಳು. ಸ್ಕೂಟಿಯಲ್ಲಿ ಊರೂರು ತಿರುಗಿ ಕುರಿ ಮೇಕೆಗಳಿಗೆ ಜಂತುಹುಳದ ಔಷಧಿ ಕುಡಿಸುವ ಕೆಲಸ. ಹೆಣ್ಣು ನೋಡಲು ಹೋದಾಗ ಅವಳೇ ನಮ್ಮನ್ನು ಪ್ರಶ್ನೆ ಕೇಳಿದಳು. ಮಂದೆಯಲ್ಲಿ ಮರಿ ಎಷ್ಟು, ಲಸಿಕೆ ಯಾವಾಗ ಹಾಕಿಸಿದ್ದು, ಕುಂಟು ಕುರಿಯನ್ನು ಬೇರೆ ಕಟ್ಟುತ್ತೀರೋ ಇಲ್ಲವೋ. ಹನುಮೇಶ ಪರೀಕ್ಷೆಗೆ ಕೂತವನಂತೆ ಉತ್ತರ ಹೇಳಿದ, ಪಾಸಾದ. ದೀಪಾವಳಿ ಕಳೆದು ವೀಳ್ಯ ಬದಲಾಯಿಸಿದೆವು. ಮಾಘದಲ್ಲಿ ಮದುವೆ, ಹಿರಿಯೂರಿನಲ್ಲಿ ಕಲ್ಯಾಣ ಮಂಟಪ.

ವೀಳ್ಯದ ದಿನ ನಾನೇ ಎಲ್ಲರ ಮುಂದೆ ನಮ್ಮ ಮನೆಯ ಪದ್ಧತಿ ಹೇಳಿದೆ. ವೀಳ್ಯ ಆದ ಮೇಲೆ, ಧಾರೆಯ ದಿನ ನಡುವಿನ ತೆರೆ ಸರಿಯುವ ತನಕ, ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡಬಾರದು. ನಮ್ಮ ಅತ್ತೆ ನನಗೆ ಹೇಳಿದ್ದು, ಅವರ ಅತ್ತೆ ಅವರಿಗೆ ಹೇಳಿದ್ದು. "ಫೋನಾಗೆ ಮಾತಾಡ್ಕಳ್ಳಿ, ಅದಕ್ಕೆ ಮುಖ ಇಲ್ಲ. ವಿಡಿಯೋ ಬ್ಯಾಡ" ಎಂದೆ. ಅಂಜಲಿ ತಲೆ ತಗ್ಗಿಸಿ, "ಆತು ಅತ್ತೆ, ಮುಖ ನೋಡಲ್ಲ" ಎಂದಳು. ಎಂಥ ವಿನಯದ ಹುಡುಗಿ ಎಂದು ನಾನು ದಾರಿಯುದ್ದಕ್ಕೂ ಹೊಗಳಿದೆ.

ಸುಗ್ಗಿ ಮುಗಿದರೆ ನಾವು ಕುರಿ ಹೊಡೆದುಕೊಂಡು ಹೊರಗೆ ಹೋಗುವುದು ವಾಡಿಕೆ. ರೈತರು ತಮ್ಮ ಹೊಲ ತೋಟಗಳಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ. ಪ್ರತಿವರ್ಷ ನಮ್ಮ ಮಂದೆ ಭೀಮಸಮುದ್ರದ ಕಡೆ ಹೋಗುತ್ತಿತ್ತು. ಈ ವರ್ಷ ಹನುಮೇಶ, "ಬಾಗೂರ ಕಡೆ ಮೇವು ಬಾಳ ಚೆನ್ನಾಗೈತಂತೆ" ಎಂದ. ಮೇವಿನ ಬಗ್ಗೆ ಅವನು ಅಷ್ಟು ಸಂತೋಷದಿಂದ ಮಾತಾಡಿದ್ದು ನಾನು ಕೇಳಿರಲಿಲ್ಲ. ಅಷ್ಟಕ್ಕೇ ನನಗೆ ತಿಳಿಯಬೇಕಿತ್ತು. ಆದರೆ ಪತ್ರಿಕೆ ಅಚ್ಚು ಹಾಕಿಸುವುದು, ಜವಳಿಗೆ ಚಿತ್ರದುರ್ಗಕ್ಕೆ ಓಡಾಡುವುದು, ಹಪ್ಪಳ ಒತ್ತುವುದು, ಇದರಲ್ಲಿ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ. ಹನುಮೇಶನೂ, ನಮ್ಮ ಹಳೆಯ ಪಾಲುದಾರ ಕಾಟಲಿಂಗಪ್ಪನೂ ಮಂದೆ ಹೊಡೆದುಕೊಂಡು ಹೋದರು.

ಮದುವೆಗೆ ಹದಿನೈದು ದಿನ ಇರುವಾಗ ಓಬಳೇಶಪ್ಪನ ಫೋನು ಬಂತು. ನನ್ನ ಗಂಡ ಎತ್ತಿ ಸ್ಪೀಕರ್ ಹಾಕಿದ.

"ಬೀಗ್ರೆ, ನಿಮ್ ಮಂದೆಗೆ ರೋಗ ಬಂದೈತಂತಲ್ಲ."

"ನಮ್ ಮಂದೆಗಾ? ಯಾರಂದ್ರು?"

"ಸಂತೆಗೆ ಸಂತೆನೇ ಅಂತೈತೆ. ನಾನು ನನ್ ಮಗಳಿಗೆ ಐದು ಕುರಿ ಬಳುವಳಿ ಕೊಡಾಣ ಅಂತಿದ್ದೆ. ರೋಗದ ಮಂದೆಗೆ ನನ್ ಕುರಿ ಬಿಡಲ್ಲ. ಕುರಿನೇ ಬಿಡದ ಕಡೆ ಮಗಳನ್ನ ಹೆಂಗೆ ಬಿಡ್ಲಿ, ನೀವೇ ಹೇಳ್ರಿ."

ನಾನು ಹಪ್ಪಳದ ಹಿಟ್ಟು ಬಿಟ್ಟು ನಾಲ್ಕು ಕಡೆ ಫೋನ್ ಮಾಡಿದೆ. ಸುದ್ದಿ ಹೇಗೆ ಬೆಳೆದಿತ್ತು ಎಂಬುದು ವಿಚಾರಿಸಿದ ಮೇಲೆ ತಿಳಿಯಿತು. ಹೊಸದುರ್ಗದ ಸಂತೆಯಲ್ಲಿ ಕಾಟಲಿಂಗಪ್ಪ ಯಾರಿಗೋ, "ವಾರಕ್ಕೆ ಎಲ್ಡು ಸಲ ಡಾಕ್ಟ್ರಮ್ಮ ಬತ್ತಾಳೆ ನಮ್ ಮಂದೆಗೆ" ಎಂದಿದ್ದ. ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಅದು ಬಾಯಿಹುಣ್ಣಾಗಿತ್ತು. ಹಿರಿಯೂರಿಗೆ ಬರುವಾಗ ಅರ್ಧ ಮಂದೆ ಸತ್ತಿತ್ತು. ಹನುಮೇಶನಿಗೆ ಫೋನ್ ಮಾಡಿದರೆ, "ಕುರಿ ಎಲ್ಲಾ ಚೆನ್ನಾಗವೆ ಅವ್ವ" ಎಂದ. "ಹಂಗಾದ್ರೆ ಡಾಕ್ಟ್ರಮ್ಮ ಯಾಕೆ ಬತ್ತಾಳೆ" ಎಂದು ಕೇಳಿದರೆ ಸಿಗ್ನಲ್ ಹೋಯಿತು. ಅವನ ಸಿಗ್ನಲ್ ಹೋಗುವ ಹೊತ್ತು ನನಗೆ ಚಿಕ್ಕಂದಿನಿಂದ ಗೊತ್ತು. ಮಗ ಏನೋ ಮುಚ್ಚಿಡುತ್ತಿದ್ದಾನೆ, ಮಂದೆಗೆ ನಿಜವಾಗಿಯೂ ರೋಗ ಎಂದು ನಾನು ನಂಬಿದೆ. ಅತ್ತ ಓಬಳೇಶಪ್ಪ ಮಗಳನ್ನೇ ಕೇಳಿದನಂತೆ, "ನೀನು ಓಡಾಡೋ ಕಡೇನೇ ಐತೆ ಮಂದೆ, ಏನಾಗೈತೆ ಹೇಳು" ಎಂದು. ಅವಳು ಕೆಂಪಗಾಗಿ, ನಂಗೊತ್ತಿಲ್ಲ ಎಂದು ಒಳಗೆ ಹೋದಳಂತೆ. ಪಾಪ, ಮಗಳು ಗಂಡನ ಮನೆಯ ಮಾನ ಕಾಯುತ್ತಿದ್ದಾಳೆ, ರೋಗ ಖಂಡಿತ ಎಂದು ಅವನೂ ತೀರ್ಮಾನಿಸಿದ.

"ಬರ್ರಿ, ಹೋಗಿ ಕಣ್ಣಾರೆ ನೋಡಾಣ. ಆದ್ರೆ ಹುಡುಗನಿಗೆ ಹೇಳಬ್ಯಾಡ್ರಿ. ಹೇಳಿದ್ರೆ ರೋಗದ ಕುರಿ ಅಡಗಿಸ್ತಾನೆ" ಎಂದ ಓಬಳೇಶಪ್ಪ. ಬೀಗನಾದರೂ ಕುರಿಯವನು ಕುರಿಯವನನ್ನು ನಂಬುವುದಿಲ್ಲ.

ಗುರುವಾರ ಬೆಳಿಗ್ಗೆ ನಾವಿಬ್ಬರೂ ಬೈಕಿನಲ್ಲಿ ಹೋದೆವು. ಬಾಗೂರಿನಿಂದ ಆಚೆ ಮೂರು ಮೈಲಿ, ತೆಂಗಿನ ತೋಟದ ಪಕ್ಕದ ಬಯಲು. ಓಬಳೇಶಪ್ಪ ಆಗಲೇ ಬಂದು ಬದುವಿನ ಮೇಲೆ ನಿಂತಿದ್ದ. ನಮ್ಮನ್ನು ಕಂಡ ಕೂಡಲೇ ಹನುಮೇಶನ ಮುಖ ಸುಣ್ಣ ಬಳಿದಂತಾಯಿತು. ನಮಸ್ಕಾರ ಕೂಡ ಮಾಡದೆ, "ನೀರು ಕುಡ್ಕಂಡು ಬತ್ತೀನಿ" ಎಂದು ಪಂಪ್‌ಹೌಸಿನ ಕಡೆ ಹೊರಟ. ನಾನು ತೋಳು ಹಿಡಿದೆ. ಎರಡನೆಯ ಸಲ, "ಫೋನು ಚಾರ್ಜಿಗಿಟ್ಟಿದ್ದೆ" ಎಂದ. ಆಗಲೂ ಬಿಡಲಿಲ್ಲ. ಮೂರನೆಯ ಸಲ ಬಾಯಿ ತೆರೆದನಷ್ಟೇ, ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡ.

ಓಬಳೇಶಪ್ಪ ಮಂದೆಯ ಒಳಗೆ ಇಳಿದ. ಒಂದೊಂದರ ಕಣ್ಣಿನ ರೆಪ್ಪೆ ಮಗುಚಿ ನೋಡಿದ, ಬಾಯಿ ಬಿಡಿಸಿ ನೋಡಿದ, ಗೊರಸು ನೋಡಿದ, ಕೊನೆಗೆ ನೆಲದ ಮೇಲಿನ ಹಿಕ್ಕೆ ಕೂಡ ಕೈಯಲ್ಲಿ ಹಿಡಿದು ಒಡೆದು ನೋಡಿದ. ಹೆಣ್ಣು ನೋಡಲು ಹೋದಾಗ ನಾವು ಅವನ ಮಗಳನ್ನು ಇದರ ಕಾಲುಭಾಗ ಕೂಡ ನೋಡಿರಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಎದ್ದು ಕೈ ಒರೆಸಿಕೊಂಡ.

"ರೋಗ ಎಲ್ಲೈತೆ? ಕಲ್ಲು ಗುಂಡು ಇದ್ದಂಗವೆ ಕುರಿ."

"ರೋಗ ಅಂತ ನಾನೆಲ್ಲಿ ಅಂದೆ?" ಎಂದ ಕಾಟಲಿಂಗಪ್ಪ. "ಡಾಕ್ಟ್ರಮ್ಮ ಬತ್ತಾಳೆ ಅಂದೆ. ಅದೂ ಅಲ್ನೋಡ್ರಿ, ಆ ಒಂದು ಕುರಿಗೆ."

ಅವನು ತೋರಿಸಿದ ಕಡೆ ನೋಡಿದೆವು. ನಮ್ಮ ಬೆಳ್ಳಿ ನಿಂತಿತ್ತು. ತಾಯಿ ಸತ್ತ ಮರಿಯೆಂದು ನಾನೇ ಬಾಟಲಿ ಹಾಲು ಕುಡಿಸಿ ಸಾಕಿದ ಬಿಳಿ ಕುರಿ. ಈಗ ಅದು ಬಿಳಿ ಇರಲಿಲ್ಲ. ಔಷಧಿ ಕುಡಿಸಿದ ಕುರಿಗೇ ಮತ್ತೆ ಕುಡಿಸಬಾರದು ಎಂದು ಬೆನ್ನಿಗೆ ಒಂದು ಬಣ್ಣದ ಗೆರೆ ಎಳೆಯುವುದುಂಟು. ಮಿಕ್ಕ ನೂರೆಪ್ಪತ್ತೊಂಬತ್ತು ಕುರಿಗಳ ಬೆನ್ನು ಖಾಲಿ. ಬೆಳ್ಳಿಯ ಬೆನ್ನಿನ ಮೇಲೆ ಕೆಂಪು, ನೀಲಿ, ಹಸಿರು ಎಲ್ಲ ಸೇರಿ ಹನ್ನೊಂದು ಗೆರೆ. ಮದುವೆಮನೆಯಲ್ಲಿ ಓಕುಳಿ ಆಡಿ ಬಂದವರ ಹಾಗೆ ಮೇವು ಮೆಲ್ಲುತ್ತಿತ್ತು.

"ಹನ್ನೊಂದು ಸಲ ಔಷಧಿ ಕುಡುದ್ರೆ ಕುರಿ ಬದುಕ್ತೈತೇನಪ್ಪ?" ಎಂದು ಓಬಳೇಶಪ್ಪ ಹನುಮೇಶನನ್ನು ಕೇಳಿದ.

"ಕುಡಿಸಲ್ಲ ಕಣಣ್ಣ" ಎಂದ ಕಾಟಲಿಂಗಪ್ಪ. "ಗೆರೆ ಎಳೀತಾಳೆ, ಅಷ್ಟೆ. ಆಮೇಲೆ ಇಬ್ರೂ ಮರದ ಕೆಳಗೆ ಕುಂತ್ಕಂಡು ಕುರಿ ಬಗ್ಗೆ ಮಾತಾಡ್ತಾರೆ. ಎಲ್ಡು ತಾಸು."

ಮದುವೆಗೆ ಎರಡು ವಾರವೂ ಇಲ್ಲ, ಹೆಣ್ಣಿನ ಅಪ್ಪ ಎದುರಿಗೆ ನಿಂತಿದ್ದಾನೆ, ನನ್ನ ಮಗ ಯಾವಳೋ ಡಾಕ್ಟ್ರಮ್ಮನ ಜೊತೆ ಮರದ ಕೆಳಗೆ ಕೂರುತ್ತಾನೆ. ಒಂಬತ್ತನೆಯದೂ ಹೋಯಿತು ಎಂದುಕೊಂಡೆ. ಬಾಯಿ ಬಿಡುವಷ್ಟರಲ್ಲಿ ಸ್ಕೂಟಿಯ ಸದ್ದು ಕೇಳಿತು.

ಬದುವಿನ ಮೇಲೆ ಸ್ಕೂಟಿ ಬಂತು. ತಲೆಗೆ ವೇಲು, ಮುಖಕ್ಕೆ ಮಾಸ್ಕು, ಹೆಗಲಿಗೆ ಚೀಲ. ನಮ್ಮನ್ನು ಕಂಡು ಗಾಡಿ ತಿರುಗಿಸಬೇಕೆಂದುಕೊಂಡಳೋ ಏನೋ, ಬೆಳ್ಳಿ ಬಿಡಲಿಲ್ಲ. ಓಡಿ ಹೋಗಿ ಚೀಲದೊಳಗೆ ಮೂತಿ ತೂರಿಸಿ ಬಿಸ್ಕತ್ತಿನ ಪೊಟ್ಟಣ ಎಳೆಯಿತು. ಓಬಳೇಶಪ್ಪ ಕುರಿ ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ಸ್ಕೂಟಿಯ ನಂಬರ್ ನೋಡಿದ.

"ಗಾಡಿ ನಮ್ದು" ಎಂದ ಮೆಲ್ಲಗೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ, ಅಂಜಲಿಗೂ ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಕೆಳಗಿಳಿದು, ನೇರ ನನ್ನ ಮುಂದೆ ಬಂದು ನಿಂತಳು. "ಮುಖ ನೋಡಿಲ್ಲ ಅತ್ತೆ. ನಿಮಗೆ ಮಾತು ಕೊಟ್ಟಿದ್ನಲ್ಲ. ಒಂದು ದಿನಾನೂ ಮಾಸ್ಕ್ ತೆಗ್ದಿಲ್ಲ. ಟೀನೂ ಆ ಕಡೆ ತಿರುಗಿ ಕುಡ್ದೀನಿ."

"ನಾನೂ ತಿರುಗಿದ್ದೆ ಅವ್ವ" ಎಂದ ಹನುಮೇಶ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಒಂದಲ್ಲ, ಎರಡು. ನನ್ನ ಸಿಟ್ಟು ನೆತ್ತಿಗೇರಿತು. ಡಾಕ್ಟ್ರಮ್ಮ ಸೊಸೆಯೇ ಎಂಬ ಸಮಾಧಾನ ಆ ಸಿಟ್ಟಿನಲ್ಲಿ ಕೊಚ್ಚಿಕೊಂಡು ಹೋಯಿತು. "ನಮ್ ಮನೇಲಿ ಇಂಥದ್ದು ಯಾರೂ ಮಾಡಿಲ್ಲ" ಎಂದು ಶುರು ಮಾಡಿದೆ. "ವೀಳ್ಯಕ್ಕೆ ಬೆಲೆ ಇಲ್ಲ, ಹಿರೇರ ಮಾತಿಗೆ ಬೆಲೆ ಇಲ್ಲ. ಪದ್ಧತಿ ಮುರುದ್ ಮೇಲೆ ಏನ್ ಮದ್ವೆ, ಏನ್ ತೆರೆ?" ಮಾತು ಆಡಿದ ಮೇಲೆ ಅದರ ಅರ್ಥ ನನಗೇ ತಿಳಿಯಿತು. ಆದರೆ ಆಡಿಬಿಟ್ಟಿದ್ದೆ.

ಓಬಳೇಶಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. "ತಪ್ಪು ನನ್ ಮಗಳದ್ದೂ ಐತೆ ಅಕ್ಕಾ. ಮದ್ವೆ ಬ್ಯಾಡ ಅಂತೀರಾ, ಹೇಳಿಬಿಡ್ರಿ. ಮಂಟಪದವರಿಗೆ ನಾನೇ ಹೇಳ್ತೀನಿ." ಅಂಜಲಿಯ ಮಾಸ್ಕಿನ ಮೇಲಿನ ಎರಡು ಕಣ್ಣು ತುಂಬಿದವು. ಹನುಮೇಶ ಎಂಟನೆಯ ಮನೆಯಿಂದ ಬಂದ ದಿನ ಊಟ ಬಿಟ್ಟು ಎದ್ದ ಮುಖದಲ್ಲೇ ನಿಂತಿದ್ದ. ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ, ಮಾತು ಹಿಂದಕ್ಕೆ ತೆಗೆದುಕೊಳ್ಳಲೂ ಬರಲಿಲ್ಲ. ನಾನು ಹುಟ್ಟಿದ್ದೇ ಹಾಗೆ, ಏನು ಮಾಡಲಿ.

ಆಗ ಅಷ್ಟು ಹೊತ್ತು ಬೇವಿನ ಕಡ್ಡಿ ಜಗಿಯುತ್ತಿದ್ದ ನನ್ನ ಗಂಡ ಕಡ್ಡಿ ಬಿಸಾಕಿ, "ಇವ್ಳೇ, ಕುರಿ ಕಳೆದಿರ್ಲಿಲ್ಲ" ಎಂದ.

"ಯಾವ ಕುರಿ?"

"ನಿಮ್ಮೂರಿಗೆ ಹುಡುಕ್ಕಂಡು ಬತ್ತಿದ್ನಲ್ಲ, ಆ ಕುರಿ."

ಬೆಳ್ಳಿ ಇನ್ನೊಂದು ಬಿಸ್ಕತ್ತು ಕಡಿಯಿತು. ಹಿರಿಯೂರು ಸೀಮೆಯಲ್ಲಿ ತಪ್ಪಿಸಿಕೊಂಡ ಕುರಿಯನ್ನು ಹೊಳಲ್ಕೆರೆಗೆ ಬಸ್ಸಿನಲ್ಲಿ ಬಂದು ಯಾರಾದರೂ ಹುಡುಕುತ್ತಾರೆಯೇ ಎಂದು ಮೂವತ್ತಮೂರು ವರ್ಷದಲ್ಲಿ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಬಸ್ಸಿನಿಂದ ಇಳಿಯುವುದನ್ನು ನಾನೇ ಕಂಡಿದ್ದೆ. ಹೆಗಲ ಮೇಲೆ ಕುರಿಮರಿ ಇಟ್ಟುಕೊಂಡು ಊರೆಲ್ಲ ಹುಡುಕಿದ ಗಂಡು ಎಂದು ಈತನನ್ನು ನೆಂಟರ ಮುಂದೆಲ್ಲ ಆಡಿಕೊಂಡವಳು ನಾನು.

ಓಬಳೇಶಪ್ಪನಿಗೆ ಮೊದಲು ನಗು ಬಂತು. ತಡೆದುಕೊಳ್ಳಲು ನೋಡಿ, ಆಗದೆ, ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ. ನಾನು ಯಾರ ಮುಖವನ್ನೂ ನೋಡದೆ ಅಂಜಲಿಗೆ ಹೇಳಿದೆ. "ಬಿಸ್ಲು ಏರ್ತೈತೆ. ಅದನ್ನ ಮುಖದಿಂದ ತೆಗಿಯಮ್ಮ, ಉಸಿರು ಕಟ್ತೈತೆ." ಅವಳು ಮಾಸ್ಕ್ ತೆಗೆದಳು. ಹನುಮೇಶ ಆಚೆ ತಿರುಗಿ ನಿಂತಿದ್ದ. "ನೋಡೋ ಲೇ, ಇನ್ನೇನು" ಎಂದೆ. ನೋಡಿದ.

ಬಳುವಳಿ ಕುರಿ ಐದಲ್ಲ, ಆರು ಎಂದು ಓಬಳೇಶಪ್ಪ ಅಲ್ಲೇ ಹೇಳಿದ. ಬೆಳ್ಳಿಯ ಬೆನ್ನಿನ ಬಣ್ಣ ಮದುವೆಯ ತನಕ ತೊಳೆಯಬಾರದೆಂದು ಕಾಟಲಿಂಗಪ್ಪನಿಗೆ ನಾನು ಹೇಳಿದೆ.

ವಾಪಸು ಬರುವಾಗ ಬೈಕಿನ ಹಿಂದೆ ಕೂತು ಬಹಳ ದೂರ ಮಾತಾಡಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ಆತ ಎರಡು ಸಲ ತಿರುಗಿ, ಬಿದ್ದುಹೋದೆನೋ ಎಂದು ನೋಡಿದ. ಕೊನೆಗೆ ಕೇಳಿದೆ.

"ಏಳು ಸಲಾನೂ ಸುಳ್ಳೇನಾ?"

"ಏಳಲ್ಲ, ಒಂಬತ್ತು. ಎಲ್ಡು ಸಲ ನೀನು ಊರಲ್ಲಿರ್ಲಿಲ್ಲ."

"ನಾನು ಇರ್ಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ? ನಾನು ಹೊರಗೆ ಬತ್ತಾನೇ ಇರ್ಲಿಲ್ಲವಲ್ಲ."

"ಯಾರೂ ಹೇಳ್ಲಿಲ್ಲ" ಎಂದ ನನ್ನ ಗಂಡ. "ಮಜ್ಜಿಗೆಗೆ ಉಪ್ಪು ಸರಿಯಾಗಿತ್ತು."