ನೋವಿನ ಕೆ.ಟಿ.

ಜರ್ಮನಿಯ ಫ್ರಾಂಕ್‌ಫರ್ಟ್ ಪಕ್ಕದ ಎಷ್‌ಬಾರ್ನಿನ ನಮ್ಮ ಕಟ್ಟಡದಲ್ಲಿ ಹಾಡುವುದಕ್ಕೆ ವೇಳೆ ಇರಲಿಲ್ಲ. ಮಧ್ಯಾಹ್ನ ಒಂದರಿಂದ ಮೂರು ನಿಶ್ಶಬ್ದ, ರಾತ್ರಿ ಹತ್ತರ ಮೇಲೆ ನಿಶ್ಶಬ್ದ, ಭಾನುವಾರ ಇಡೀ ದಿನ ನಿಶ್ಶಬ್ದ. ಉಳಿದ ವೇಳೆಯಲ್ಲಿ ಕೆಳಗಿನ ಮನೆಯ ಮುದುಕಿ ಪೊರಕೆ ಹಿಡಿಯಿಂದ ಚಾವಣಿ ಕುಟ್ಟುತ್ತಿದ್ದಳು. ಹಾಗಾಗಿ ಶ್ರೀದೇವಿ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಡುತ್ತಿದ್ದಳು. ಮಷಿನ್ ತಿರುಗುವಾಗ ಅವಳ ದನಿ ಮೇಲೆ ಕೇಳುತ್ತಿರಲಿಲ್ಲ. ಒಗೆಯಲು ಅಷ್ಟು ಬಟ್ಟೆ ಇರಲಿಲ್ಲವಾದ್ದರಿಂದ ಒಂದೇ ಟವೆಲನ್ನು ದಿನಕ್ಕೆ ಮೂರು ಸಲ ಒಗೆಯುತ್ತಿದ್ದಳು. ಎರಡು ವರ್ಷದಲ್ಲಿ ಅದು ಸೊಳ್ಳೆ ಪರದೆಯಷ್ಟು ತೆಳ್ಳಗಾಗಿತ್ತು.

ಹುಬ್ಬಳ್ಳಿಯಲ್ಲಿ ಅವಳು ಮಠದ ಭಜನೆಯಲ್ಲಿ ಹಾಡಿದವಳು. ಇಲ್ಲಿ ಬಂದ ಮೇಲೆ ಅಮೆರಿಕನ್ ಸೈನಿಕರ ರೇಡಿಯೋದಲ್ಲಿ 'ಸೋಲ್', ಎಂದರೆ ಆತ್ಮ, ಎಂದು ಕರೆಯುವ ಕಪ್ಪು ಅಮೆರಿಕನ್ನರ ಸಂಗೀತ ಕೇಳಿದಳು. ಮರುದಿನವೇ ನೋಟ್‌ಬುಕ್ ಕೊಂಡಳು. ಒಂದೊಂದು ಹಾಡನ್ನೂ ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದ್ದಾರೆ ಎಂದು ಗುರುತು ಹಾಕಿ ಬರೆದುಕೊಂಡಳು. ಹನ್ನೊಂದು ನೋಟ್‌ಬುಕ್ ತುಂಬಿದವು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅವಳ ಗಂಡ ಉದಯಕುಮಾರ ಜರ್ಮನಿ ಆಗ ಸಾಫ್ಟ್‌ವೇರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದ ಪ್ರಾಜೆಕ್ಟ್ ಮ್ಯಾನೇಜರ್. ೨೦೦೨ರ ಫೆಬ್ರವರಿಯಲ್ಲಿ ಅವನ ಕಂಪನಿ ಮುಚ್ಚಿತು. ಜೂನ್ ಮುಗಿಯುವುದರೊಳಗೆ ಮನೆಯಲ್ಲಿ ಒಬ್ಬರಿಗಾದರೂ ಕೆಲಸ ಸಿಗದಿದ್ದರೆ ಇಬ್ಬರೂ ಹುಬ್ಬಳ್ಳಿಗೆ ಹೊರಡಬೇಕಿತ್ತು. ಅಷ್ಟರಲ್ಲಿ ಫ್ರಾಂಕ್‌ಫರ್ಟಿನ ಒಂದು ಕ್ಲಬ್ಬಿಗೆ ಹಾಡುವವರು ಬೇಕೆಂದು ಶ್ರೀದೇವಿಗೆ ಗೊತ್ತಾಯಿತು; ತಾನು ಹಾಡುತ್ತೇನೆ ಎಂದಳು. ಕ್ಲಬ್ಬಿನ ಯಜಮಾನ ಸೈನ್ಯ ಬಿಟ್ಟು ಇಲ್ಲೇ ಉಳಿದ ಕಪ್ಪು ಅಮೆರಿಕನ್ ಮುದುಕ. ಅವನು ಕೆಲಸದ ಕಾಗದ ಬರೆದುಕೊಟ್ಟರೆ ಉಳಿಯಬಹುದು ಎಂದು ವಕೀಲರು ಹೇಳಿದರು.

ಕೈಯಲ್ಲಿ ಪ್ರಾಜೆಕ್ಟ್ ಇಲ್ಲದೆ ಮೂರು ವಾರ ಒದ್ದಾಡಿದ್ದ ಉದಯನಿಗೆ ಹೆಂಡತಿ ಹಾಡುತ್ತಾಳೆ ಎಂದು ಆಗ ತಿಳಿಯಿತು. ಕೂಡಲೇ ಎಕ್ಸೆಲ್ ತೆರೆದ. 'ಶ್ರೀದೇವಿ ೧.೦' ಎಂದು ಹೆಸರಿಟ್ಟ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಡುಗೆಮನೆಯಲ್ಲಿ ಸ್ಟೇಟಸ್ ಮೀಟಿಂಗ್. ಅವನು ಟೈ ಕಟ್ಟಿಕೊಂಡು ಬರುತ್ತಿದ್ದ. ಮೀಟಿಂಗಿನ ಟಿಪ್ಪಣಿಯನ್ನು ಶ್ರೀದೇವಿಯೇ ಬರೆಯಬೇಕಿತ್ತು. ಇದರಿಂದ ಅವಳ ರಿಯಾಜಿನಲ್ಲಿ ವಾರಕ್ಕೆ ಎರಡು ಗಂಟೆ ಕಡಿಮೆಯಾಯಿತು. ಅದನ್ನು ಅವನು 'ರಿಸ್ಕ್' ಎಂಬ ಕಾಲಂನಲ್ಲಿ ದಾಖಲಿಸಿದ.

ಮೊದಲ ಸಲ ಹಾಡಿ ತೋರಿಸಿದಾಗ ಯಜಮಾನ ಕೊನೆಯವರೆಗೂ ಕೇಳಿದನಂತೆ. ಆಮೇಲೆ, "ದನಿ ಇದೆ. ನಿನಗೆ ಎಲ್ಲಿ ನೋವು?" ಎಂದನಂತೆ.

ಶ್ರೀದೇವಿ ಸ್ವಲ್ಪ ಯೋಚಿಸಿ, "ಮೊಣಕಾಲು," ಎಂದಳಂತೆ. ಸುಮಾರು ಎರಡು ವರ್ಷ ನೆಲಮಾಳಿಗೆಯ ಸಿಮೆಂಟಿನ ಮೇಲೆ ನಿಂತಿದ್ದಳು.

ಯಜಮಾನ ನಕ್ಕು, ಜೂನ್ ಇಪ್ಪತ್ತಕ್ಕೆ ಇನ್ನೊಮ್ಮೆ ಬಾ, ಅದೇ ಕೊನೆ ಎಂದ.

ಉದಯನ ಹಾಳೆಯಲ್ಲಿ ದನಿ, ಉಸಿರು, ಇಂಗ್ಲಿಷ್, ಉಡುಪು ಎಲ್ಲವೂ ಹಸಿರಾಗಿದ್ದವು. ನೋವು ಮಾತ್ರ ಕೆಂಪು. ಅವನು ಕ್ರಮ ಕೈಗೊಂಡ. ಕೊನೆಗೆ ಯಾರಾದರೂ ಸಾಯುವ ಸಿನಿಮಾಗಳ ಕ್ಯಾಸೆಟ್ ತಂದು ತೋರಿಸಿದ. ಶ್ರೀದೇವಿ ಅವುಗಳ ಹಿನ್ನೆಲೆ ಸಂಗೀತದ ಬಗ್ಗೆ ಟಿಪ್ಪಣಿ ಮಾಡಿಕೊಂಡಳು. ಉದಯ ಹುಬ್ಬಳ್ಳಿಯ ತನ್ನ ತಾಯಿ ಗಂಗವ್ವನಿಗೆ ಫೋನ್ ಮಾಡಿ, ದಿನಾ ಹದಿನೈದು ನಿಮಿಷ ಸೊಸೆಯನ್ನು ಬೈಯಬೇಕೆಂದು ಕೇಳಿಕೊಂಡ. ಗಂಗವ್ವ ಸಂತೋಷದಿಂದ ಒಪ್ಪಿದರು. ಬೈಗುಳ ಕೆಲವೊಮ್ಮೆ ನಲವತ್ತು ನಿಮಿಷಕ್ಕೂ ಹೋಯಿತು.

"ಹೆಂಗನಿಸ್ತು?" ಎಂದು ಉದಯ ಕೇಳಿದ.

"ಅದೇನ್ರಿ, ಮದಿವ್ಯಾದಾಗಿಂದ ಕೇಳಾಕತ್ತೇನಿ," ಎಂದಳು ಶ್ರೀದೇವಿ.

ಕೆಂಪು ಕೆಂಪಾಗಿಯೇ ಉಳಿಯಿತು. ಉಳಿದದ್ದು ಐದು ದಿನ. ಆ ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ನನ್ನ ಮನೆಯ ಬೆಲ್ ಮಾಡಿದರು. ಅವನ ಕೈಯಲ್ಲಿ ಲ್ಯಾಪ್‌ಟಾಪ್, ಅವಳ ಕೈಯಲ್ಲಿ ಹಚ್ಚಿದ ಅವಲಕ್ಕಿಯ ಡಬ್ಬಿ. ನನ್ನ ಗಂಡ ಚೇತನಕುಮಾರ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಫೀಸಿನ ಲಿಫ್ಟಿನ ಮುಂದೆ ಕುಸಿದು ಕುಳಿತವರು ಏಳಲಿಲ್ಲ. ಮೂವತ್ತಮೂರು ವರ್ಷ. ಉದಯ ಅವರ ಕೈಕೆಳಗೆ ಕೆಲಸ ಮಾಡಿದವನು.

"ವೈನಿ, ತಪ್ಪ ತಿಳ್ಕೋಬ್ಯಾಡ್ರಿ," ಎಂದ. "ಒಂದು ಕೆ.ಟಿ. ಬೇಕಾಗಿತ್ತು."

ನಾನೂ ಸಾಫ್ಟ್‌ವೇರಿನವಳೇ. ಕೆಲಸ ಬಿಡುವವರು ತಮಗೆ ಗೊತ್ತಿರುವುದನ್ನೆಲ್ಲ ಮುಂದೆ ಬರುವವರಿಗೆ ಕೂಡಿಸಿಕೊಂಡು ಹೇಳಿ ಹೋಗುವುದಕ್ಕೆ ನಾಲೆಡ್ಜ್ ಟ್ರಾನ್ಸ್‌ಫರ್, ಕೆ.ಟಿ., ಎನ್ನುತ್ತೇವೆ. ಅದಿಲ್ಲದೆ ನಮ್ಮಲ್ಲಿ ಯಾರನ್ನೂ ಬಿಡುವುದಿಲ್ಲ. ಚೇತನ ಮಾತ್ರ ಕೊಡದೆ ಹೋದರು.

"ಯಾವುದರದು?" ಎಂದೆ.

"ನೋವಿಂದು. ನಮ್ಮ ಮಂದಿಯೊಳಗ ಆ ಡೊಮೈನ್ ಗೊತ್ತಿದ್ದವ್ರು ನೀವೊಬ್ರ."

"ರೀ, ಹಂಗ ಕೇಳ್ತಾರೇನ್ರಿ?" ಎಂದಳು ಶ್ರೀದೇವಿ.

"ಮತ್ತ ಹೆಂಗ ಕೇಳ್ಲಿ? ಗುರುವಾರ ಡೆಡ್‌ಲೈನ್ ಐತಿ."

ಒಳಗೆ ಕರೆದು ಕೂಡಿಸಿದೆ. ಅವನು ಪ್ರಶ್ನಾವಳಿ ತೆರೆದ. ಇಪ್ಪತ್ತೆರಡು ಪ್ರಶ್ನೆಗಳಿದ್ದವು.

"ಮೊದಲನೇದು. ಸುದ್ದಿ ಬಂದಾಗ ಎಷ್ಟು ದುಃಖ ಆತು? ಒಂದರಿಂದ ಹತ್ತರೊಳಗ ಹೇಳಿದ್ರ ಸಾಕು."

"ಒಲಿ ಮ್ಯಾಲೆ ಹಾಲಿತ್ತು," ಎಂದೆ.

"ಹಾಂ, ಮುಂದ?"

"ಆರಿಸಿದೆ."

"ಅತ್ರೀ?"

"ಇಲ್ಲ. ಇಲ್ಲೀ ಕರೆಂಟಿನ ಒಲಿ ಆರಿಸಿದ್ರೂ ತಟ್ಟಿ ಬಿಸಿ ಇರ್ತೈತಿ. ಉಕ್ಕತೈತೇನೋ ಅಂತ ಪಾತ್ರಿ ಇಳಿಸಿದೆ."

"ಚೀರಿದ್ರೀ? ಎದಿ ಬಡ್ಕೊಂಡ್ರೀ?"

"ಫೋನ್ ಮಾಡಿದಾಕಿಗೆ ಥ್ಯಾಂಕ್ಸ್ ಹೇಳಿದೆ."

ಉದಯ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಕಾಯ್ದ. ಇನ್ನೇನಾದರೂ ಬರಬಹುದೆಂದು ನಾನೂ ಕಾಯ್ದೆ. ಬರಲಿಲ್ಲ.

"ವೈನಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಇದು ಯೂಸ್ ಆಗೂದಿಲ್ಲ," ಎಂದು ಲ್ಯಾಪ್‌ಟಾಪ್ ಮುಚ್ಚಿದ. ಅವನಿಗೆ ನಿಜವಾಗಿಯೂ ನಿರಾಸೆಯಾಗಿತ್ತು. ನಾನು ಕ್ಷಮೆ ಕೇಳಿದೆ.

ಶ್ರೀದೇವಿ ನೋಟ್‌ಬುಕ್ ತೆರೆದಿರಲೇ ಇಲ್ಲ. ಅವಳು ನನ್ನ ಒಲೆಯನ್ನು ನೋಡುತ್ತಿದ್ದಳು. ಹೊರಡುವಾಗ ಹತ್ತಿರ ಹೋಗಿ ಅದರ ಗುಂಡಿಯನ್ನು ಒಮ್ಮೆ ತಿರುಗಿಸಿ, ಮತ್ತೆ ಆರಿಸಿದಳು.

ಗುರುವಾರ ಮಧ್ಯಾಹ್ನ ನಾನೂ ಎಸ್-ಬಾನ್ ರೈಲು ಹತ್ತಿ ಅವರ ಜೊತೆ ಹೋದೆ. ಕೇಳುವ ಮಂದಿ ಇದ್ದರೆ ಒಳ್ಳೆಯದು ಎಂದು ಉದಯ ಹೇಳಿದ್ದ. ಕ್ಲಬ್ಬಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ಬಾಗಿಲಲ್ಲೇ ಉದಯ ಹೆಂಡತಿಯ ಕಣ್ಣಿನ ಕೆಳಗೆ ವಿಕ್ಸ್ ಹಚ್ಚಿದ.

"ಮೂರನೇ ಸಾಲಿಗೆ ನೀರು ಬರಬೇಕು. ಬರದಿದ್ರ ಮೂಗು ಏರಸು. ತಿಳೀತಿಲ್ಲೋ?"

"ಹೂಂ," ಎಂದಳು. ಆಮೇಲೆ ಮುಖ ತೊಳೆಯುವ ಕೋಣೆಗೆ ಹೋಗಿ ಬಂದಳು. ಅವಳು ನನ್ನ ಪಕ್ಕದಲ್ಲಿ ಹಾದುಹೋದಾಗ ವಿಕ್ಸ್ ವಾಸನೆ ಇರಲಿಲ್ಲ.

ಹಾಡು ಬಿಟ್ಟುಹೋದವನ ಬಗ್ಗೆ. ಮೊದಲ ಸಲ ಅವಳು ಅದರಲ್ಲಿ ಎಷ್ಟು ಏರಬಹುದೋ ಅಷ್ಟು ಏರಿದ್ದಳಂತೆ. ಈ ಸಲ ಏರಲಿಲ್ಲ. ದಿನಸಿಯ ಪಟ್ಟಿ ಓದುವವಳ ಹಾಗೆ ಸುಮ್ಮನೆ ಸಾಲಿನ ಮೇಲೆ ಸಾಲು ಹಾಡುತ್ತ ಹೋದಳು. ಏರಬೇಕಾದ ಜಾಗದಲ್ಲಿ ಬಲಗೈ ಎತ್ತಿ, ಗಾಳಿಯಲ್ಲಿ ಗುಂಡಿ ತಿರುಗಿಸಿದಂತೆ ಮಾಡಿ, ಇಳಿಸಿದಳು. ದನಿಯೂ ಅಲ್ಲೇ ಇಳಿಯಿತು. ಡ್ರಮ್ಸ್ ನುಡಿಸುವವನು ಬಾರಿಸುವುದನ್ನು ಮರೆತ.

ನಾನು ತಲೆಕೆಳಗಾದ ಕುರ್ಚಿಗಳ ಕಾಲು ಎಣಿಸುತ್ತಿದ್ದೆ. ಎಲ್ಲಿಗೆ ಬಂದಿದ್ದೆ ಎಂಬುದು ತಪ್ಪಿಹೋಯಿತು.

ಯಜಮಾನ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ಇನ್ನು ಎಲ್ಲಿ ನೋವು ಅಂತ ಕೇಳುವುದಿಲ್ಲ," ಎಂದ. ಸೋಮವಾರ ಕಾಗದ ಸಿದ್ಧವಾಗಿತ್ತು.

ಉದಯ ಕೆಂಪನ್ನು ಹಸಿರು ಮಾಡಿದ. ಎದುರಿಗೆ 'ವಿಕ್ಸ್ ಫಲ ಕೊಟ್ಟಿದೆ' ಎಂದು ಬರೆದ.

ಮುಂದಿನ ವರ್ಷದ ಹೊತ್ತಿಗೆ ಅವಳ ಸಿ.ಡಿ. ಬಂದಿತ್ತು, ಎಸ್-ಬಾನ್ ನಿಲ್ದಾಣಗಳ ಪೋಸ್ಟರುಗಳಲ್ಲಿ ಅವಳ ಮುಖ ಆಳೆತ್ತರ ಇತ್ತು. ನವೆಂಬರಿನಲ್ಲಿ ಕನ್ನಡ ಸಂಘದವರು ಸನ್ಮಾನ ಮಾಡಿದರು. ಕ್ಲಬ್ಬಿಗೆ ಹೋಗುವ ಹೆಂಗಸೆಂದು ಹಿಂದಿನ ಯುಗಾದಿಗೆ ಅವಳನ್ನು ಪ್ರಾರ್ಥನೆಗೆ ಕರೆಯದಿದ್ದ ಅಧ್ಯಕ್ಷ ಬಸಲಿಂಗಯ್ಯನವರು, ಇದು ನಮ್ಮ ಸಂಸ್ಕೃತಿಯ ಗೆಲುವು ಎಂದು ಇಪ್ಪತ್ತು ನಿಮಿಷ ಮಾತಾಡಿದರು. ನಂತರ ಉದಯ 'ಆತ್ಮ: ಒಂದು ಕಾರ್ಯವಿಧಾನ' ಎಂಬ ವಿಷಯದ ಮೇಲೆ ಸ್ಲೈಡುಗಳನ್ನು ತೋರಿಸಿದ. ಬಳಸಿದ ಸಂಪನ್ಮೂಲಗಳ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಗಂಗವ್ವ ಮತ್ತು ವಿಕ್ಸ್ ಆದ ಮೇಲೆ ನಾನಿದ್ದೆ, ಅರ್ಧ ದಿನ. ಟವೆಲ್ ಇರಲಿಲ್ಲ. ಹನ್ನೊಂದು ನೋಟ್‌ಬುಕ್ಕೂ ಇರಲಿಲ್ಲ. ಶ್ರೀದೇವಿ ಶಾಲು ಹೊದ್ದುಕೊಂಡು ಕುಳಿತಿದ್ದಳು. ತೊಡೆಯ ಮೇಲೆ ಅವಳ ಬೆರಳು ತಾಳ ಹಾಕುತ್ತಿತ್ತು, ಭಾಷಣದ್ದಲ್ಲ.

ಎರಡು ದಿನದ ಮೇಲೆ ಬಟ್ಟೆ ಒಗೆಯಲು ಕೆಳಗಿಳಿದೆ. ಅವಳು ಅಲ್ಲಿದ್ದಳು. ಈಗ ಅವಳಿಗೆ ಸ್ಟುಡಿಯೋ ಇತ್ತು, ಆದರೂ ಮಷಿನ್ ಮುಂದೆಯೇ ನಿಂತಿದ್ದಳು. ಕೈಯಲ್ಲಿ ಹೊಸ ನೋಟ್‌ಬುಕ್.

"ಎರಡನೇ ಸಿ.ಡಿ. ಮಾಡ್ತಾರಂತ, ವೈನಿ. ಮೊದಲನೇದಕ್ಕಿಂತ ಛಲೋ ಆಗಬೇಕಂತ." ಪೆನ್ನಿನ ಮುಚ್ಚಳ ತೆಗೆದಳು. "ಹಾಲು ಇಳಿಸಿದ್ರಲ್ಲ. ಆಮ್ಯಾಲೆ ಏನ್ ಮಾಡಿದ್ರಿ?"

ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ. ಕೆಲಸ ಮಾಡುವವರು ಕೇಳುವ ಹಾಗೆ ಕೇಳಿದಳು. ಬಹುಶಃ ಅದಕ್ಕೇ ನನಗೆ ಸಿಟ್ಟು ಬಂತು. ಚೇತನ ಹೋದ ಎರಡು ವರ್ಷದಲ್ಲಿ ಬಂದ ಮೊದಲ ಸಿಟ್ಟು.

"ಪಾತ್ರಿ ತೊಳದು ಇಟ್ಟೆ," ಎಂದೆ.

"ಅಷ್ಟನಾ?"

"ಅಷ್ಟ."

ಅವಳು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದಳು. ನಂಬಲಿಲ್ಲ ಎಂದು ತಿಳಿಯಿತು. ಆದರೆ ಒತ್ತಾಯಿಸಲಿಲ್ಲ. ನೋಟ್‌ಬುಕ್ ಮುಚ್ಚಿ, ಟವೆಲನ್ನು ಮಷಿನ್ ಒಳಗೆ ಹಾಕಿ, ಗುಂಡಿ ತಿರುಗಿಸಿ, ಮೊದಲ ಸ್ವರದಿಂದ ಶುರುಮಾಡಿದಳು.

ನಾನು ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಸುದ್ದಿ ಬಂದ ಆ ಸಂಜೆ ಹಾಲನ್ನು ಎಂದಿನಂತೆ ಎರಡು ಲೋಟಕ್ಕೆ ಬಗ್ಗಿಸಿದ್ದೆ. ನನ್ನದು ಕುಡಿದ ಮೇಲೆ ಇನ್ನೊಂದನ್ನೂ ಕುಡಿದಿದ್ದೆ. ಅದನ್ನು ಅವಳಿಗೆ ಕೊಡಲಿಲ್ಲ.